ಬಬ್ರುವಾಹನ ಬಾಯಿಪಾಠ, ಪದ್ಯ ಮರೆವು!

ಯಶವಂತಪುರದ ಹುಡುಗನೊಬ್ಬ ಶಾಲಾ ವಾರ್ಷಿಕೋತ್ಸವದಲ್ಲಿ ‘ಬಬ್ರುವಾಹನ’ನ ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರೆ ಚಪ್ಪಾಳೆ. ಮರುದಿನ ಪದ್ಯ ಮರೆತರೆ ‘ದಡ್ಡ’ ಎಂಬ ಬಿರುದು! ಎರಡಕ್ಕೂ ಅದೇ ತಲೆ ತಾನೆ?

1977ರ ಆ ಚಿತ್ರದಲ್ಲಿ ಅರ್ಜುನ, ಬಬ್ರುವಾಹನ ಇಬ್ಬರೂ ಡಾ. ರಾಜ್‌ಕುಮಾರ್ ಅವರೇ. ಕಂಪನಿ ನಾಟಕದ ಧಾಟಿಯ ಆ ಮಾತು ಸುಲಭದ್ದಲ್ಲ. ಆದರೂ ನಾಲಗೆಗೆ ಹತ್ತುತ್ತದೆ. ಏಕೆಂದರೆ, ತಾಯಿಗಾದ ಅವಮಾನಕ್ಕೆ ಮಗ ಸಿಡಿದೆದ್ದಿದ್ದಾನೆಂದು ಹುಡುಗನಿಗೆ ಗೊತ್ತು. ಕಿವಿಯಲ್ಲಿ ದನಿ ಇದೆ. ಮತ್ತೆ ಮತ್ತೆ ಹೇಳಲು ಬೇಸರವಿಲ್ಲ. ಎಳವೆಯಲ್ಲೇ ಶಾಲೆ ಬಿಟ್ಟ ರಾಜ್ ಪಳಗಿದ್ದೂ ಗುಬ್ಬಿ ಕಂಪನಿಯ ರಂಗದ ಮೇಲೆ.

ತಂದೆ ತಾಯಿಗಳೇ, ‘ಸಿನಿಮಾ ಹುಚ್ಚು’ ಎಂದು ಗದರುವ ಮೊದಲು ಪದ್ಯವನ್ನೂ ಹಾಗೆಯೇ ಗಟ್ಟಿಯಾಗಿ, ಭಾವ ತುಂಬಿ ಓದಿಸಿ ನೋಡಿ. ವಿದ್ಯಾರ್ಥಿಗಳೇ, ಅರ್ಥ ತಿಳಿಯದ ಗಿಳಿಪಾಠ ಪರೀಕ್ಷೆಯವರೆಗೂ ಉಳಿಯದು.