ತೊರೆಯ ಬಿಸಿ ಗಾಳಿಯ ಮಾಪಕಕ್ಕೆ ಸಿಗದು

2015ರ ಬೇಸಿಗೆಯಲ್ಲಿ ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ನದಿ ಮತ್ತು ಅದರ ಉಪನದಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಸಾಕ್‌ಐ ಸಾಲ್ಮನ್ ಮೀನುಗಳು ಸತ್ತವು. ಮೊಟ್ಟೆಯಿಡಲು ಕಡಲಿನಿಂದ ಹುಟ್ಟಿದೂರಿನತ್ತ ಹೊಳೆಯೇರಿ ಹೊರಟಿದ್ದ ಮೀನುಗಳವು. ಹಿಂದಿನ ಚಳಿಗಾಲ ಬೆಟ್ಟಗಳಲ್ಲಿ ಹಿಮ ಬೀಳಬೇಕಾದ ಕಡೆ ಮಳೆ ಸುರಿದಿತ್ತು. ಜೂನ್‌ನಲ್ಲಿ ಬಿಸಿಲು ಏರಿದಾಗ ಕರಗಿ ಬಂದು ಹೊಳೆಯನ್ನು ತಂಪಾಗಿಡುವಷ್ಟು ಹಿಮ ಉಳಿದಿರಲಿಲ್ಲ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಲ್ಮನ್‌ಗೆ ಸಂಕಟ. 10 ಡಿಗ್ರಿಯಲ್ಲಿ ಲೀಟರಿಗೆ 11 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿಯುವ ನೀರು 20 ಡಿಗ್ರಿಯಲ್ಲಿ ಹಿಡಿಯುವುದು 9 ಮಿಲಿಗ್ರಾಂ. ಮೈ ಕಾದ ಮೀನಿಗಾದರೋ ಆಗಲೇ ಹೆಚ್ಚು ಉಸಿರು ಬೇಕು.

ಇಂಥದ್ದನ್ನು ಮೊದಲೇ ಲೆಕ್ಕ ಹಾಕಲು ಒಂದು ಸುಲಭ ದಾರಿಯಿದೆ. ಕೆಲವು ವರ್ಷಗಳ ಗಾಳಿಯ ಉಷ್ಣಾಂಶ, ನೀರಿನ ಉಷ್ಣಾಂಶ ಎರಡನ್ನೂ ಹೋಲಿಸಿ ಗೆರೆ ಎಳೆದು, ಅದನ್ನೇ ಮುಂದಿನ ಐವತ್ತು ವರ್ಷಕ್ಕೆ ಚಾಚುವುದು. ಅಮೆರಿಕದ 584 ಮಾಪನ ಕೇಂದ್ರಗಳ ದಾಖಲೆ ಹಿಡಿದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಗೆರೆ ನೇರವಲ್ಲ, ತುದಿಗಳಲ್ಲಿ ಬಾಗುತ್ತದೆ ಎಂದು ತೋರಿಸಿತು. ಗಾಳಿ ತುಂಬ ಕಾದಾಗ ಆವಿಯಾಗುವ ನೀರೇ ಶಾಖವನ್ನು ಹೊತ್ತೊಯ್ಯುತ್ತದೆ.

ನನ್ನ ಆತಂಕ ಇರುವುದು ಒರತೆಯ ತೊರೆಗಳ ಬಗ್ಗೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಅವು ತಣ್ಣಗಿರುತ್ತವೆ. ಮೂರು ವರ್ಷದ ಅಳತೆ ನೋಡಿದರೆ, ಹವಾಮಾನ ಬದಲಾದರೂ ಇವಕ್ಕೇನೂ ಆಗದು ಎಂದೇ ಗೆರೆ ಹೇಳುತ್ತದೆ. ಆದರೆ ನೆಲದ ಮೇಲುಪದರದ ಅಂತರ್ಜಲದ ಉಷ್ಣಾಂಶ ಇರುವುದು ಆ ಜಾಗದ ಗಾಳಿಯ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿ. ಸರಾಸರಿ ಏರುತ್ತ ಹೋದರೆ ನೆಲವೂ ನಿಧಾನವಾಗಿ ಕಾಯುತ್ತದೆ, ಒರತೆಯೂ ಕಾಯುತ್ತದೆ. ಕೊನೆಯ ಆಸರೆಯೆಂದು ನಾವು ನಂಬಿದ ತೊರೆಯ ವಿಷಯದಲ್ಲೇ ಲೆಕ್ಕ ತಪ್ಪುವ ಭಯ ಹೆಚ್ಚು.

ಅದಕ್ಕೇ ಅಳತೆ ದೀರ್ಘವಾಗಿರಬೇಕು, ಹಲವು ಕಡೆ ಇರಬೇಕು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿಗಳು ನೂರಕ್ಕೂ ಹೆಚ್ಚು ಸಂಸ್ಥೆಗಳ ಕಡತಗಳಲ್ಲಿ ಚದುರಿದ್ದ ದಾಖಲೆಗಳನ್ನು ಕೂಡಿಹಾಕಿ, ಇಪ್ಪತ್ತು ಸಾವಿರಕ್ಕೂ ಮಿಕ್ಕ ತಾಣಗಳ ‘ನಾರ್‌ವೆಸ್ಟ್’ ಭಂಡಾರ ಕಟ್ಟಿದರು. ಅಮೆರಿಕದ ವಾಯವ್ಯ ಭಾಗದ ಬೆಟ್ಟದ ತೊರೆಗಳು ದಶಕಕ್ಕೆ ಸುಮಾರು 0.1 ಡಿಗ್ರಿಯಂತೆ ಕಾಯುತ್ತಿವೆ. ಗಾಳಿ ಕಾದ ವೇಗದ ಅರ್ಧದಷ್ಟು.

ಈ ಅಂಕಿಯ ಪಕ್ಕ ಇನ್ನೊಂದನ್ನು ಇಡಬೇಕು. ಒರೆಗಾನ್‌ನ ಎಚ್.ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯದಲ್ಲಿ ದಂಡೆಯವರೆಗೂ ಮರ ಕಡಿದಾಗ ತೊರೆಯ ಬೇಸಿಗೆಯ ಗರಿಷ್ಠ ಉಷ್ಣಾಂಶ 7 ಡಿಗ್ರಿಯಷ್ಟು ಏರಿತ್ತು. ಹಸಿರು ಮರಳಿ ನೆರಳು ಕವಿದು ಮೊದಲಿನ ಸ್ಥಿತಿಗೆ ಬರಲು ಹದಿನೈದು ವರ್ಷ ಹಿಡಿಯಿತು. ಕೊಡಲಿಯ ಲೆಕ್ಕವಿಲ್ಲದೆ ಬರೀ ಹವಾಮಾನದ ಮಾದರಿ ಹಿಡಿದು ಹೇಳುವ ಭವಿಷ್ಯವನ್ನು ನಾನು ಒಪ್ಪಲಾರೆ.

ನಮ್ಮಲ್ಲೂ ಕೇಂದ್ರ ಜಲ ಆಯೋಗ ನೀರಿನ ಉಷ್ಣಾಂಶ ಅಳೆಯುತ್ತದೆ. ಆದರೆ ಅದರ ಕೇಂದ್ರಗಳಿರುವುದು ಮುಖ್ಯವಾಗಿ ದೊಡ್ಡ ನದಿಗಳ ಮೇಲೆ. ಆ ನದಿಗಳಿಗೆ ನೀರು ತರುವ ಮಲೆನಾಡಿನ ಹಳ್ಳಗಳಿಗೂ ಮಾಪಕ ಬೇಕು. ಹೆಬ್ಬೆರಳ ಗಾತ್ರದ ದಾಖಲೆ ಯಂತ್ರವನ್ನು ಬಂಡೆಗೆ ಬಿಗಿದರೆ ಗಂಟೆಗೊಮ್ಮೆ ತಾನೇ ಅಳೆಯುತ್ತ ಕೂರುತ್ತದೆ. ಮಳೆಗಾಲ ಇಳಿದ ಮೇಲೆ ಪ್ರತಿ ಹಳ್ಳಕ್ಕೂ ಮೂರು ಸಾಕು: ಕಾಡಿನ ನೆರಳಲ್ಲಿ ಒಂದು, ದಂಡೆ ಬೋಳಾದಲ್ಲಿ ಒಂದು, ಒರತೆಯ ಬಾಯಲ್ಲಿ ಒಂದು.