ಯಾರ ಕಡೆಯವರು ನೀವು?

ಪತ್ರಿಕೋದ್ಯಮದಲ್ಲಿ ಎಂಎ ಮಾಡುವವರು ಕೊನೆಯ ಸೆಮಿಸ್ಟರ್‌ಗೆ ಬಂದರೆ ಸಾಕು, ನಮ್ಮ ಬಹುತೇಕ ವಿಶ್ವವಿದ್ಯಾಲಯಗಳು ಒಂದು ಕೆಲಸ ಹಚ್ಚುತ್ತವೆ. ಯಾವುದಾದರೂ ಪತ್ರಿಕೆಯಲ್ಲೋ ಚಾನೆಲ್‌ನಲ್ಲೋ ಒಂದು ತಿಂಗಳು ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟ್ ತನ್ನಿ ಅಂತ. ಎಲ್ಲಿ ಕೇಳಬೇಕು, ಯಾರನ್ನ ಕೇಳಬೇಕು, ಆ ಒಂದು ತಿಂಗಳು ಎಲ್ಲಿ ಉಳ್ಕೋಬೇಕು, ಏನು ತಿನ್ನಬೇಕು ಅನ್ನೋದು ಸಿಲಬಸ್‌ನಲ್ಲಿಲ್ಲ. ವಿಭಾಗದ ಮುಖ್ಯಸ್ಥರ ಸಹಿ, ಸೀಲು ಇರುವ ಒಂದು ಪತ್ರ ಕೈಗೆ ಕೊಟ್ಟು ಹೋಗಿ ಬನ್ನಿ ಅಂತಾರೆ.

ಹಾಗೆ ಹೋದವರಲ್ಲಿ ನಮ್ಮ ಚಿಕ್ಕಪ್ಪನ ಮಗಳೂ ಒಬ್ಬಳು. ಅರಸೀಕೆರೆ ಕಡೆಯ ಹುಡುಗಿ. ಬೆಂಗಳೂರಿನ ಒಂದು ಪತ್ರಿಕಾ ಕಚೇರಿಯ ರಿಸೆಪ್ಷನ್‌ನಲ್ಲಿ ಎರಡು ಗಂಟೆ ಕೂತ ಮೇಲೆ ಒಬ್ಬರು ಬಂದು ಕೇಳಿದ ಮೊದಲ ಪ್ರಶ್ನೆ, "ಯಾರ ಕಡೆಯವರಮ್ಮ ನೀವು?" ಏನು ಬರೆದಿದ್ದೀಯ ಅಂತ ಕೇಳಲಿಲ್ಲ, ಏನು ಓದ್ತೀಯ ಅಂತಲೂ ಇಲ್ಲ. ಇವಳು ಯಾರ ಕಡೆಯವಳೂ ಅಲ್ಲ. ಅಪ್ಪ ತೆಂಗಿನ ತೋಟದವನು. ಸಂಜೆ ನನಗೆ ಫೋನ್ ಮಾಡಿ, "ಅಣ್ಣ, ನಿಂಗೆ ಯಾರಾದ್ರೂ ಪತ್ರಿಕೆಯವರು ಗೊತ್ತಾ?" ಅಂದಳು.

ಈ ಪ್ರಶ್ನೆಯನ್ನ ಒಬ್ಬ ವಿದ್ಯಾರ್ಥಿನಿ ಕೇಳಬೇಕಾದ ಸ್ಥಿತಿ ತಂದಿಟ್ಟಿರೋದೇ ನನ್ನ ಸಿಟ್ಟಿಗೆ ಕಾರಣ. ಸರ್ಕಾರಿ ನೇಮಕಾತಿಯಲ್ಲಿ ಶಿಫಾರಸು ನಡೆದರೆ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುವವರು, ತಮ್ಮ ಬಾಗಿಲಲ್ಲಿ ನಿಂತ ಹುಡುಗಿಗೆ ಶಿಫಾರಸು ತಂದಿದ್ದೀಯಾ ಅಂತ ಕೇಳ್ತಾರಲ್ಲ, ಇದಕ್ಕೆ ಯಾವ ಹೆಡ್ಡಿಂಗ್ ಕೊಡೋಣ ಸ್ವಾಮಿ?

ಅವಳು ಬರೆದುಕೊಂಡು ಹೋಗಿದ್ದ ಅರ್ಜಿಯನ್ನೂ ನೋಡಿದೆ. "ಮಾನ್ಯರೇ, ನನಗೆ ಬಾಲ್ಯದಿಂದಲೂ ಬರವಣಿಗೆಯಲ್ಲಿ ಅಪಾರ ಆಸಕ್ತಿ ಇದ್ದು..." ಕಾಲೇಜಿನಲ್ಲಿ ಎಲ್ಲರಿಗೂ ಹಂಚಿದ ಒಂದೇ ಮಾದರಿ. ಇದನ್ನ ಓದಿ ಯಾವ ಸಂಪಾದಕರಿಗೆ ಏನು ತಿಳಿಯುತ್ತೆ? ನಿಮ್ಮಪ್ಪ ತಿಪಟೂರಿಗೆ ಕೊಬ್ಬರಿ ತಗೊಂಡು ಹೋಗ್ತಾರಲ್ಲ, ಅದನ್ನ ಬರಿ ಅಂದೆ. ಉಂಡೆ ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ಎಷ್ಟು ತಿಂಗಳು ಒಣಗಬೇಕು, ಸುಲಿಯೋರಿಗೆ ಎಷ್ಟು ಕೂಲಿ, ಎಪಿಎಂಸಿ ಯಾರ್ಡ್‌ನಲ್ಲಿ ಚೀಲ ಇಳಿಸಿದ ಮೇಲೆ ಏನೇನು ಕಳೀತಾರೆ, ಕೈಗೆ ಬರೋದು ಎಷ್ಟು ಅಂತ. ಎರಡು ದಿನದಲ್ಲಿ ಬರೆದು ಕಳಿಸಿದಳು. ನಾನು ತಿಂಗಳುಗಟ್ಟಲೆ ಪೇಪರಿನಲ್ಲಿ ಓದಿದ್ದ ಕೊಬ್ಬರಿ ಸುದ್ದಿಗಳಿಗಿಂತ ಆ ಒಂದೂವರೆ ಪುಟ ಚೆನ್ನಾಗಿತ್ತು. ಪೇಪರಿನಲ್ಲಿ ಬರೋದು ಕ್ವಿಂಟಾಲ್ ದರ, ಇಲ್ಲವೇ ಬೆಂಬಲ ಬೆಲೆ ಬಗ್ಗೆ ಮಂತ್ರಿಗಳ ಹೇಳಿಕೆ. ಇವಳ ಬರಹದಲ್ಲಿ ಅಟ್ಟದ ಇಲಿಯೂ ಇತ್ತು. ತಂಗಿ ಅಂತ ಹೊಗಳ್ತಿದ್ದೀನಿ ಅಂದ್ಕೋಬೇಡಿ, ಅವಳ ಅಲ್ಪಪ್ರಾಣ ಮಹಾಪ್ರಾಣ ಇನ್ನೂ ಸರಿ ಹೋಗಬೇಕು.

ಕೊನೆಗೆ ಬೇರೊಂದು ಕಡೆ ಜಾಗ ಸಿಕ್ತು. ಸಂಬಳ ಇಲ್ಲ, ಸ್ಟೈಪೆಂಡ್ ಇಲ್ಲ, ಓಡಾಟದ ಖರ್ಚೂ ಇಲ್ಲ. ಪಿಜಿಗೆ 6,500 ರೂಪಾಯಿ, ಬಸ್ಸು, ಮಧ್ಯಾಹ್ನದ ಊಟ ಎಲ್ಲ ಸೇರಿ ತಿಂಗಳಿಗೆ ಹತ್ತು ಸಾವಿರದ ಮೇಲಾಯ್ತು. ಚಿಕ್ಕಪ್ಪ ಅಷ್ಟನ್ನೂ ಕೊಬ್ಬರಿ ಮಾರಿ ಕೊಟ್ಟರು. ಅಂದರೆ ಲೆಕ್ಕ ನೋಡಿ, ಅರಸೀಕೆರೆ ರೈತ ಬೆಂಗಳೂರಿನ ಪತ್ರಿಕೆಗೆ ಒಂದು ತಿಂಗಳು ಒಬ್ಬ ಕೆಲಸಗಾರಳನ್ನ ದುಡ್ಡು ಕೊಟ್ಟು ಕಳಿಸಿಕೊಟ್ಟ.

ಕೆಲಸ ಅಂದರೆ ಏನು? ಪ್ರೆಸ್‌ನೋಟ್‌ಗಳನ್ನ ಟೈಪ್ ಮಾಡೋದು, "ನಗರದಲ್ಲಿ ಇಂದು" ಕಾಲಂ ತುಂಬಿಸೋದು, ನಿಧನ ವಾರ್ತೆ ತಿದ್ದೋದು, ನುಡಿಯಲ್ಲಿ ಬಂದ ಕಾಪಿಯನ್ನ ಯೂನಿಕೋಡ್‌ಗೆ ಬದಲಿಸಿದಾಗ ಹಾರಿಹೋದ ಒತ್ತು, ದೀರ್ಘ, ಅರ್ಕಾವೊತ್ತುಗಳನ್ನ ಹುಡುಕಿ ಹುಡುಕಿ ಕೂರಿಸೋದು. (ಈ ಕೊನೆಯದಕ್ಕೆ ಬೇಕಾಗಿರೋದು ಒಂದು ಒಳ್ಳೆಯ ಸ್ಕ್ರಿಪ್ಟ್, ಎಂಎ ಓದುತ್ತಿರುವ ಹುಡುಗಿಯಲ್ಲ. ಯಾರಾದರೂ ಕೇಳಿದರೆ ನಾನೇ ಬರೆದುಕೊಡ್ತೀನಿ.) ವರದಿಗಾರರ ಜೊತೆ ಹೊರಗೆ ಹೋಗಿದ್ದು ಮೂರೇ ದಿನ. ಪುಟ ಕಟ್ಟೋದನ್ನ ನೋಡೋಣ ಅಂದರೆ ಅದು ನಡೆಯೋದು ರಾತ್ರಿ. ಪಿಜಿ ಗೇಟು ಹತ್ತಕ್ಕೆ ಬಂದ್. ಬಸವನಗುಡಿಯಲ್ಲಿ ಸ್ವಂತ ಮನೆ ಇರುವ ಸಹಪಾಠಿಗೆ ರಾತ್ರಿ ಹನ್ನೊಂದಕ್ಕೆ ಅವರಪ್ಪ ಕಾರು ತಂದು ಕಾಯ್ತಾರೆ. ಅವಳು ಪುಟ ಕಟ್ಟೋದನ್ನ ಕಲಿತಳು, ಇವಳು ಕಲಿಯಲಿಲ್ಲ. ಮುಂದೆ ಕೆಲಸಕ್ಕೆ ಕರೆದಾಗ ಯಾರಿಗೆ ಅನುಭವ ಇದೆ ಅಂತ ನೋಡ್ತಾರೆ, ಅದು ಎಲ್ಲಿಂದ ಬಂತು ಅಂತ ಯಾರು ನೋಡ್ತಾರೆ?

ನಾನು ಬಿಇ ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್ ಆಗಿದ್ದೆ. ನಾನು ಬರೆದ ಕೋಡಿನಿಂದ ಆ ಕಂಪನಿಗೆ ನಯಾಪೈಸೆ ಲಾಭ ಆಗಿರಲಿಕ್ಕಿಲ್ಲ. ಆದರೂ ತಿಂಗಳಿಗೆ 8,000 ಕೊಟ್ಟರು. ಮಡಿವಾಳದಲ್ಲಿ ರೂಮು ಮಾಡಿದೆ, ಮನೆಯಿಂದ ದುಡ್ಡು ತರಿಸಲಿಲ್ಲ. ಕಂಪನಿಯವರು ಧರ್ಮಾತ್ಮರು ಅಂತಲ್ಲ. ದುಡ್ಡು ಕೊಡದಿದ್ದರೆ ಬೆಂಗಳೂರಿನಲ್ಲಿ ಮನೆ ಇರೋ ಹುಡುಗರು ಮಾತ್ರ ಬರ್ತಾರೆ, ಜಾಣರು ಕೈತಪ್ಪಿ ಹೋಗ್ತಾರೆ ಅನ್ನೋ ವ್ಯಾಪಾರಿ ಬುದ್ಧಿ ಅವರಿಗಿತ್ತು. ಹೌಸ್ ಸರ್ಜನ್‌ಗಳಿಗೆ ಸ್ಟೈಪೆಂಡ್ ಇದೆ, ಫ್ಯಾಕ್ಟರಿಗೆ ಹೋಗೋ ಐಟಿಐ ಅಪ್ರೆಂಟಿಸ್‌ಗೂ ಇದೆ. 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಸ್ಟೈಪೆಂಡ್ ಅನ್ನೋದು ಕೊಡುವವರ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಲ್ಲ, ಕೊಡಲೇಬೇಕು. ಇಂಟರ್ನ್ ಅಂತ ಹೆಸರು ಬದಲಿಸಿದರೆ ಮಾತ್ರ ಅದೇ ಕಲಿಕೆ, ಅದೇ ದುಡಿಮೆ ಪುಕ್ಕಟೆ ಆಗಿಬಿಡುತ್ತೆ.

ಪತ್ರಕರ್ತರಿಗೆ ಈ ವಿಷಯ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. ತಮ್ಮ ದುಡಿಮೆಗೆ ಬೆಲೆ ಬೇಕು ಅಂತ ದೇಶದಲ್ಲಿ ಮೊದಲೇ ಎದ್ದು ನಿಂತವರಲ್ಲಿ ಅವರೂ ಇದ್ದಾರೆ. 1955ರಲ್ಲೇ ಕಾರ್ಯನಿರತ ಪತ್ರಕರ್ತರಿಗಾಗಿ ಪ್ರತ್ಯೇಕ ಕಾಯಿದೆ ಬಂತು, ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ ಅದರಲ್ಲಿ ಬರೆದರು. ಮಜೀಠಿಯಾ ವೇತನ ಮಂಡಳಿಯ ಶಿಫಾರಸಿನ ವಿರುದ್ಧ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದಾಗ 2014ರಲ್ಲಿ ಗೆದ್ದಿದ್ದು ಪತ್ರಕರ್ತರೇ. ಆ ತೀರ್ಪಿನ ಪ್ರಕಾರ ದುಡ್ಡು ಸಿಗೋಕೆ ಎಷ್ಟು ಜನ ಇನ್ನೂ ಅಲೆದಾಡಬೇಕಾಯ್ತು ಅನ್ನೋದು ಬೇರೆ ಕಥೆ. ಇಷ್ಟೆಲ್ಲ ಹೋರಾಡಿದವರ ಪಕ್ಕದ ಕುರ್ಚಿಯಲ್ಲೇ ಒಬ್ಬಳು ಬೆಳಿಗ್ಗೆಯಿಂದ ಸಂಜೆವರೆಗೆ ಪುಕ್ಕಟೆ ಟೈಪ್ ಮಾಡ್ತಾ ಕೂತಿದ್ದರೆ ಅವರಿಗೆ ಕಾಣಲ್ವಾ?

"ನಾವು ಕೆಲಸ ಕಲಿಸ್ತೀವಲ್ಲ, ಅದೇ ಸಂಬಳ" ಅಂತಾರೆ. ಕಲಿಸಿ, ಸಂತೋಷ. ಆದರೆ ಮೂರು ದಿನ ಕಲಿಸಿ ಇಪ್ಪತ್ತೇಳು ದಿನ ದುಡಿಸಿಕೊಂಡರೆ ಅದಕ್ಕೆ ಕಲಿಕೆ ಅಂತ ಕರೆಯೋಕಾಗಲ್ಲ. "ಪತ್ರಿಕೆ ನಷ್ಟದಲ್ಲಿದೆ" ಅಂತಾರೆ. ಇರಬಹುದು. ಹಾಗಾದರೆ ಆರು ಜನರ ಬದಲು ಇಬ್ಬರನ್ನ ತಗೊಂಡು ಆ ಇಬ್ಬರಿಗೆ ಕೊಡಿ. ಇನ್ನೊಂದು ಮಾತು ಹಿರಿಯರ ಬಾಯಲ್ಲಿ ಯಾವಾಗಲೂ ಇರುತ್ತೆ, "ನಾವೂ ಹೀಗೇ ಕಷ್ಟಪಟ್ಟು ಬಂದವರು". ಅಲ್ರೀ, ನೀವು ಬಂದಾಗ ಊರಿನವರ ಹಾಸ್ಟೆಲ್ ಇತ್ತು, ಪರಿಚಯದವರ ಮನೆಯ ವರಾಂಡ ಇತ್ತು, ಹಳ್ಳಿಯ ಹುಡುಗಿಯರು ಈ ಕೆಲಸಕ್ಕೆ ಬರ್ತಾನೇ ಇರಲಿಲ್ಲ. ಈಗ ಬರ್ತಿದ್ದಾರೆ. ಅವರಿಗೆ ವರಾಂಡ ಸಾಕಾಗಲ್ಲ.

ಆಮೇಲೆ ಇದೇ ಪತ್ರಿಕೆಗಳು ವಿಚಾರ ಸಂಕಿರಣ ಮಾಡ್ತವೆ, "ಮಾಧ್ಯಮದಲ್ಲಿ ಗ್ರಾಮೀಣ ಬದುಕು ಕಾಣೆಯಾಗಿದೆ" ಅಂತ. ಕಾಣೆಯಾಗಿಲ್ಲ ಸ್ವಾಮಿ, ನಿಮ್ಮ ರಿಸೆಪ್ಷನ್‌ನಲ್ಲೇ ಫೈಲು ಹಿಡಿದು ಕೂತಿತ್ತು. ತಾಲ್ಲೂಕಿನ ಅರೆಕಾಲಿಕ ವರದಿಗಾರನಿಗೆ ಪುಡಿಗಾಸು ಕೊಟ್ಟು ಜಾಹೀರಾತು ತರೋಕೆ ಓಡಿಸೋದು, ಹೆಡ್ ಆಫೀಸಿನಲ್ಲಿ ಯಾರ ಕಡೆಯವರು ಅಂತ ಕೇಳಿ ಜನ ತುಂಬಿಸಿಕೊಳ್ಳೋದು, ಆಮೇಲೆ ಹಳ್ಳಿ ಎಲ್ಲಿ ಅಂತ ಹುಡುಕೋದು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ನಿಮ್ಮ ಪತ್ರಿಕೆಯಲ್ಲಿ ಮನೆ ಬಾಡಿಗೆಗೆ, ವಧು ವರರಿಗೆ, ಬೋರ್‌ವೆಲ್ ಕೊರೆಸೋಕೆ ಜಾಗ ಇದೆ. ಅಲ್ಲೇ ವರ್ಷಕ್ಕೆ ಎರಡು ಸಲ, ಒಂದು ಕಾಲಂ ಅಗಲದಲ್ಲಿ, ಇಂಟರ್ನ್‌ಗಳು ಬೇಕಾಗಿದ್ದಾರೆ ಅಂತ ಹಾಕಿ. ಎಷ್ಟು ಜನ, ಯಾವ ತಿಂಗಳು, ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಬರೀರಿ. ಪರಿಚಯ ಪತ್ರ ಬೇಡ, ನಿಮ್ಮೂರಿನ ಬಗ್ಗೆ 300 ಪದಗಳ ಒಂದು ವರದಿ ಕಳಿಸಿ ಅನ್ನಿ. ಬಂದಿದ್ದರಲ್ಲಿ ಹೆಸರು, ಕಾಲೇಜು ಮುಚ್ಚಿಟ್ಟು ವರದಿ ಮಾತ್ರ ಓದಿ ಆರಿಸಿ. ಸ್ಟೈಪೆಂಡ್ ಎಷ್ಟು ಅನ್ನೋದನ್ನ ಮಾತ್ರ "ಅರ್ಹತೆಗೆ ತಕ್ಕಂತೆ" ಅಂತ ಬರೆದು ಜಾರಿಕೊಳ್ಳಬೇಡಿ, ಅಂಕಿಯಲ್ಲೇ ಹಾಕಿ.