ಗೋಡೆಯಾಚೆಯ ಪಾಠ ಯಾರ ಪಾಲಿಗೆ?

ಶಾಲೆಗಳು ಪ್ರವಾಸ ಹೊರಡುವ ಕಾಲ ಬಂತೆಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಬಡವರ ಮನೆಗಳಲ್ಲಿ ಒಂದು ಸಂಕಟ ಹುಟ್ಟುತ್ತದೆ. ಹಣ ಕಟ್ಟಿದವನ ಮಗ ಬಸ್ಸು ಹತ್ತುತ್ತಾನೆ. ಕೂಲಿಕಾರನ ಮಗ ಮನೆಯಲ್ಲಿ ಉಳಿಯುತ್ತಾನೆ. ಇತ್ತ ಪಟ್ಟಣದ ಉಳ್ಳವರ ಮಕ್ಕಳಿಗೆ ಕಾಡಿನಂಚಿನ ರೆಸಾರ್ಟುಗಳಲ್ಲಿ ಪ್ರಕೃತಿ ಶಿಬಿರಗಳು ನಡೆಯುತ್ತವೆ. ಹೊಳೆ, ಗುಡ್ಡ, ಬಯಲು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಅವುಗಳಿಂದ ಕಲಿಯುವ ಅವಕಾಶ ಮಾತ್ರ ಹಣವಿದ್ದವರ ಸೊತ್ತಾಗುತ್ತಿದೆ. ಇದನ್ನು ನಾವು ಸಣ್ಣ ವಿಷಯವೆಂದು ಭಾವಿಸುವುದಿಲ್ಲ.

ಹೊರಗಿನ ಪಾಠವೆಂಬುದು ಹೊಸ ಫ್ಯಾಷನ್ನೇನೂ ಅಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ಆರಂಭಿಸಿ ಮರದ ನೆರಳನ್ನೇ ತರಗತಿ ಮಾಡಿದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ದುಡಿಮೆಯ ಮೂಲಕ ಶಿಕ್ಷಣವೆಂಬ ತತ್ವವನ್ನು ಮುಂದಿಟ್ಟರು, ಡಾ. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರಚಿಸಿತು. ನಮ್ಮವರೇ ಆದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಆದರೆ ಸ್ವತಂತ್ರ ಭಾರತ ಈ ವಿಚಾರಗಳಿಗೆ ಹೂಮಾಲೆ ಹಾಕಿ ಬದಿಗಿಟ್ಟಿತು. ಮೂಲ ಶಿಕ್ಷಣವನ್ನು ಹೊಗಳಿ ಭಾಷಣ ಮಾಡಿದವರೇ ತಮ್ಮ ಮಕ್ಕಳನ್ನು ಬೇರೆ ಶಾಲೆಗಳಿಗೆ ಕಳುಹಿಸಿದರು.

ಈಗ ಕಾಗದದ ಮೇಲೆ ಮತ್ತೆ ಎಲ್ಲವೂ ಇದೆ. 2019ರಲ್ಲಿ ರಾಜ್ಯ ಸರಕಾರ ಪುಸ್ತಕದ ಚೀಲದ ಭಾರಕ್ಕೆ ಮಿತಿ ಹಾಕಿ, ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನವೆಂದಿತು. 2020ರ ಕೇಂದ್ರದ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಹೇಳಿದೆ. ಸಂತೋಷ. ಆದರೆ ಚೀಲವನ್ನು ಮನೆಯಲ್ಲಿಟ್ಟು ಬಂದು ಅದೇ ನಾಲ್ಕು ಗೋಡೆಗಳ ನಡುವೆ ಕುಳಿತರೆ ಆಯಿತೇ?

ಹೊರಗೆ ಹೋಗಿ ಕಲಿಯುವುದೇನೆಂದು ಕೇಳುವವರಿದ್ದಾರೆ. ಸಾಗರ ತಾಲ್ಲೂಕಿನ ಕಾಗೋಡಿಗೆ ಮಕ್ಕಳನ್ನು ಕರೆದೊಯ್ಯಲಿ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದರು, ಡಾ. ಲೋಹಿಯಾ ಬಂದು ಸೆರೆಯಾದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಆ ಹೋರಾಟದ ಒಂದು ಮುಖ್ಯ ಕಾರಣವಾಗಿತ್ತು. ಮಕ್ಕಳ ಮುಂದೆ ಒಂದು ಕೊಳಗವಿಟ್ಟು ಉಪಾಧ್ಯಾಯರು ಕೇಳಲಿ: ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹಿಡಿದರೆ, ಇಪ್ಪತ್ತು ಕೊಳಗದ ಒಂದು ಖಂಡುಗಕ್ಕೆ ರೈತ ಕಳೆದುಕೊಳ್ಳುವುದೆಷ್ಟು? ಹತ್ತು ಸೇರು! ಗಣಿತ, ಚರಿತ್ರೆ, ನ್ಯಾಯ ಮೂರೂ ಆ ಒಂದು ಪಾತ್ರೆಯೊಳಗಿವೆ.

ಶರಾವತಿಯ ದಂಡೆಗೆ ಹೋಗಲಿ. ಬೀಳುವ ನೀರು ಚಕ್ರ ತಿರುಗಿಸಿ ವಿದ್ಯುತ್ತಾಗುವ ಬಗೆಯನ್ನು ಜೋಗದಲ್ಲಿ ಕಲಿಯಬಹುದು. ಆದರೆ ಪಾಠ ಅಲ್ಲಿಗೇ ನಿಲ್ಲಬಾರದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಎದ್ದು ಬಂದವರಲ್ಲಿ ಅನೇಕರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ದೀಪ ಯಾರಿಗೆ, ಕತ್ತಲೆ ಯಾರಿಗೆ ಎಂಬುದನ್ನು ಮುಳುಗಡೆಯ ಮುದುಕರ ಬಾಯಿಂದಲೇ ಮಕ್ಕಳು ಕೇಳಲಿ. ಅಷ್ಟು ದೂರ ಹೋಗಲಾಗದ ಶಾಲೆಗೆ ಊರಿನ ಅಡಿಕೆ ತೋಟವಿದೆ, ಅದಕ್ಕೆ ಸೊಪ್ಪು ಕೊಡುವ ಬೆಟ್ಟವಿದೆ, ಕೆರೆಯಿದೆ, ವಾರದ ಸಂತೆಯಿದೆ.

ರೈತನ ಮಗ ಹೇಗೂ ಹೊಲದಲ್ಲೇ ಬೆಳೆದವನು, ಅವನಿಗೆ ಇದೇಕೆ ಎಂದು ಕೆಲವರು ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ದನ ಕಾಯುವ ಹುಡುಗನಿಗೆ ಮರಗಳ ಹೆಸರು ಗೊತ್ತು, ಹಾವಿನ ಜಾತಿ ಗೊತ್ತು, ಮಳೆಯ ನಕ್ಷತ್ರ ಗೊತ್ತು. ಆದರೆ ಅದು ವಿದ್ಯೆಯಲ್ಲವೆಂದು ಶಾಲೆ ದಿನವೂ ಅವನಿಗೆ ಹೇಳುತ್ತಿದೆ. ತರಗತಿಯನ್ನು ಬಯಲಿಗೆ ತಂದ ದಿನ ಕೊನೆಯ ಬೆಂಚಿನ ಆ ಹುಡುಗನೇ ಉಳಿದವರಿಗೆ ದಾರಿ ತೋರುತ್ತಾನೆ. ಬಡವರ ಮಕ್ಕಳ ತಲೆ ಎತ್ತಿಸುವ ಶಿಕ್ಷಣ ಇದಲ್ಲದೆ ಮತ್ತಾವುದು? ಮಕ್ಕಳನ್ನು ದುಡಿಮೆಗೆ ಹಚ್ಚಬೇಕೆಂಬುದು ಇದರ ಅರ್ಥವಲ್ಲ. ನೋಡುವುದು, ಅಳೆಯುವುದು, ಪ್ರಶ್ನಿಸುವುದು ಇಲ್ಲಿನ ಕೆಲಸ.

ಉಪಾಧ್ಯಾಯರನ್ನು ದೂರಿ ಪ್ರಯೋಜನವಿಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಆದರೂ ವರದಿ ತುಂಬುವುದರಲ್ಲೇ ಅವರ ಹೊತ್ತು ಕಳೆಯುತ್ತಿದೆ. ಅದೇ ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಒತ್ತುವರಿಯಾದ ಶಾಲಾ ಜಾಗಗಳನ್ನು ಬಿಡಿಸುವ ಧೈರ್ಯ ಅಧಿಕಾರಿಗಳಿಗೆ ಯಾವಾಗ ಬರುತ್ತದೆ?

ನಮ್ಮ ಒತ್ತಾಯಗಳು ಸ್ಪಷ್ಟ. ಒಂದು, ಶಾಲಾ ಪ್ರವಾಸದ ವೆಚ್ಚವನ್ನು ಸರಕಾರವೇ ಭರಿಸಬೇಕು. ಹಣವಿಲ್ಲವೆಂದು ಒಂದು ಮಗುವೂ ಹಿಂದುಳಿಯಬಾರದು. ಎರಡು, ತಿಂಗಳಿಗೊಂದು ದಿನ ಪ್ರತಿ ಶಾಲೆಯೂ ಕಾಲ್ನಡಿಗೆಯಲ್ಲಿ ತನ್ನ ಸುತ್ತಿನ ಊರನ್ನು ಓದಬೇಕು. ಇದಕ್ಕೆ ಬಸ್ಸೂ ಬೇಡ, ಅನುದಾನವೂ ಬೇಡ. ಮೂರು, ಉಪಾಧ್ಯಾಯರನ್ನು ಪಾಠಕ್ಕೆ ಬಿಡಬೇಕು. ನಾಲ್ಕು, ಶಾಲೆಯ ಮೈದಾನಗಳನ್ನು ಅಳತೆ ಮಾಡಿಸಿ ಗಡಿಕಲ್ಲು ನೆಡಬೇಕು.

ಶಾಲಾಭಿವೃದ್ಧಿ ಸಮಿತಿಗಳಲ್ಲಿರುವ ನಮ್ಮ ಕಾರ್ಯಕರ್ತರು ಮುಂದಿನ ಸಭೆಯಲ್ಲಿಯೇ ಈ ಪ್ರಶ್ನೆಯನ್ನು ಎತ್ತಲಿ. ತಾನು ನಿಂತ ನೆಲವನ್ನು ಅರಿಯದ ಮಗು ನಾಳೆ ಆ ನೆಲಕ್ಕಾಗಿ ದನಿಯೆತ್ತಲಾರದು.